ವರ್ಷಗಳ ನಂತರ ಎದ್ದ ಸಿಲಿಕೋನ್ ಗಂಟು

ಪ್ರಶ್ನೆ: ನನಗೆ 41 ವರ್ಷ. ಏಳು ವರ್ಷದ ಹಿಂದೆ ಬ್ಯೂಟಿ ಪಾರ್ಲರ್‌ ಒಂದರಲ್ಲಿ ಗುಳಿಬಿದ್ದ ಕೆನ್ನೆಗೆ ಸಿಲಿಕೋನ್ ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ. ಹೋದ ತಿಂಗಳು ಹಲ್ಲಿಗೆ ಸೋಂಕಾದ ಮೇಲೆ ಕೆನ್ನೆಯಲ್ಲಿ ಗಟ್ಟಿ ಗಂಟುಗಳೆದ್ದು ಚರ್ಮ ಕೆಂಪಾಗಿದೆ. ಇದು ಕ್ಯಾನ್ಸರ್ ಇರಬಹುದೇ? ಕರಗಿಸುವ ಔಷಧ ಇದೆಯೇ? ನನ್ನ ತಂಗಿಯೂ ಅಲ್ಲೇ ಹಾಕಿಸಿಕೊಂಡಿದ್ದಾಳೆ, ಅವಳಿಗೇನೂ ಆಗಿಲ್ಲ. ಈಗಲೇ ತೆಗೆಸಬೇಕೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ಕ್ಯಾನ್ಸರ್ ಅಲ್ಲ, ಗ್ರ್ಯಾನುಲೋಮಾ ಎಂಬ ಉರಿಯೂತದ ಗಂಟು ಇರುವ ಸಾಧ್ಯತೆಯೇ ಹೆಚ್ಚು. ಆದರೂ ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು.

ಚುಚ್ಚಿದ ಸಿಲಿಕೋನ್ ಎಣ್ಣೆ ಸಣ್ಣ ಹನಿಗಳಾಗಿ ಚರ್ಮದಡಿ ಹರಡುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಅದನ್ನು ನುಂಗಿದರೂ ಅರಗಿಸಲಾರವು. ಆಗ ಅವು ಒಂದಕ್ಕೊಂದು ಬೆಸೆದು ದೈತ್ಯ ಕೋಶಗಳಾಗುತ್ತವೆ. ಹನಿಗಳ ಸುತ್ತ ಕೊಲಾಜನ್ ನಾರು ಬೆಳೆಯುತ್ತದೆ. ಕೆನ್ನೆ ತುಂಬಿಕೊಂಡಿದ್ದರಲ್ಲಿ ಈ ನಾರಿನ ಪಾಲೂ ಇದೆ. ಅದೇ ಪ್ರತಿಕ್ರಿಯೆ ಮಿತಿ ಮೀರಿದರೆ ಗಂಟು. ಎಣ್ಣೆ ದೇಹ ಬಿಟ್ಟು ಹೋಗದ ಕಾರಣ ಅಪಾಯಕ್ಕೂ ಅವಧಿಯಿಲ್ಲ. ದಶಕಗಳ ನಂತರವೂ ಗಂಟು ಕಾಣಿಸಿಕೊಂಡದ್ದುಂಟು. ಹಲ್ಲಿನ ಸೋಂಕಿನಂಥ ಪ್ರಚೋದನೆ ಸಿಕ್ಕಾಗ, ಸುಮ್ಮನಿದ್ದ ಉರಿಯೂತ ಕೆರಳಬಹುದು.

ಕರಗಿಸುವ ಔಷಧ ಇಲ್ಲ. ಹೈಲುರೋನಿಡೇಸ್ ಎಂಬ ಕಿಣ್ವ ಕರಗಿಸುವುದು ಹೈಲುರಾನಿಕ್ ಆಮ್ಲದ ಫಿಲ್ಲರನ್ನು (ಚರ್ಮದಡಿ ತುಂಬುವ ಪದಾರ್ಥವನ್ನು) ಮಾತ್ರ. ಚರ್ಮರೋಗ ತಜ್ಞರು ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಬಯಾಪ್ಸಿ ಮಾಡಿಸುತ್ತಾರೆ. ಮೊದಲು ಸೋಂಕು ಇಲ್ಲವೆಂದು ಖಾತ್ರಿಯಾಗಬೇಕು; ಸೋಂಕಿದ್ದಾಗ ಸ್ಟೀರಾಯ್ಡ್ ಕೊಟ್ಟರೆ ಅದು ಉಲ್ಬಣಿಸಬಹುದು. ಬಳಿಕ ಗಂಟಿಗೇ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವರಿಗೆ ಮಿನೊಸೈಕ್ಲಿನ್ ಮಾತ್ರೆ ನೆರವಾಗುತ್ತದೆ. ಹಲ್ಲಿನ ಚಿಕಿತ್ಸೆಯನ್ನೂ ಪೂರ್ಣಗೊಳಿಸಿ. ಗಂಟನ್ನು ಹಿಸುಕಬೇಡಿ, ಮಸಾಜ್ ಬೇಡ, ಮೇಲೆ ಇನ್ನೊಂದು ಫಿಲ್ಲರ್ ಬೇಡವೇ ಬೇಡ. ಜ್ವರ ಅಥವಾ ಕೀವು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿ.

ತಂಗಿಗೆ ತೊಂದರೆ ಇಲ್ಲದಿದ್ದರೆ ತೆಗೆಸುವ ಅವಸರ ಬೇಡ. ಹರಡಿದ ಹನಿಗಳನ್ನು ಪೂರ್ತಿ ತೆಗೆಯಲು ಹೋದರೆ ಆರೋಗ್ಯಕರ ಅಂಗಾಂಶವೂ ಹೋಗಿ ಕಲೆ ಉಳಿಯುತ್ತದೆ. ಆದರೆ ದಂತವೈದ್ಯರೂ ಸೇರಿ ಯಾವ ವೈದ್ಯರ ಬಳಿ ಹೋದರೂ ಸಿಲಿಕೋನ್ ಇರುವ ವಿಷಯ ತಿಳಿಸಲಿ.

ಇನ್ನು ಹಾಕಿಸಿಕೊಳ್ಳುವ ಯೋಚನೆಯಲ್ಲಿರುವವರಿಗೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯಕ್ಕಾಗಿ ಸಿಲಿಕೋನ್ ಚುಚ್ಚುವುದಕ್ಕೆ ಅನುಮತಿಯನ್ನೇ ಕೊಟ್ಟಿಲ್ಲ. ಎಣ್ಣೆ ರಕ್ತನಾಳ ಸೇರಿ ಶ್ವಾಸಕೋಶ ತಲುಪಿದರೆ ಪ್ರಾಣಕ್ಕೇ ಸಂಚಕಾರ. ‘ಶಾಶ್ವತ ಫಿಲ್ಲರ್’ ಎಂದು ಯಾರಾದರೂ ಹೇಳಿದರೆ, ಬಾಟಲಿಯ ಮೇಲಿನ ಹೆಸರು ನೋಡದೆ ಸೂಜಿಗೆ ಮುಖ ಒಡ್ಡಬೇಡಿ.