ಅಡ್ರಿನಲ್ ಗ್ರಂಥಿಯ ಹಾರ್ಮೋನು ಸ್ರವಿಕೆಯಲ್ಲಿ ಕೋಶಪಂಜರದ ಪಾತ್ರ

ಮುಂಬಯಿಯ ವಿಕ್ರೋಳಿ ನಿಲ್ದಾಣದಲ್ಲಿ ಹೊರಟುನಿಂತ ಲೋಕಲ್ ರೈಲನ್ನು ಹಿಡಿಯಲು ಓಡುವವನ ಎದೆಬಡಿತ ಕ್ಷಣಮಾತ್ರದಲ್ಲಿ ಏರುತ್ತದೆ. ನಸುಕಿನಲ್ಲಿ ಆತನು ಎಚ್ಚರಗೊಳ್ಳುವ ಮೊದಲೇ ಆತನ ದೇಹವು ದಿನದ ದುಡಿಮೆಗೆ ಅಣಿಯಾಗತೊಡಗಿರುತ್ತದೆ. ಈ ಎರಡರ ಹಿಂದೆಯೂ ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳ ಕಾರ್ಯವಿದೆ.

ಈ ಗ್ರಂಥಿಯ ಒಳತಿರುಳು ಅಡ್ರಿನಲಿನ್ನನ್ನೂ ಹೊರಪದರವು ಕಾರ್ಟಿಸಾಲ್ ಮೊದಲಾದ ಸ್ಟೀರಾಯ್ಡ್ ಹಾರ್ಮೋನುಗಳನ್ನೂ ಸ್ರವಿಸುತ್ತವೆ. ಈ ಎರಡು ಕಾರ್ಯಗಳಲ್ಲಿಯೂ ಕೋಶಪಂಜರವು ಪಾಲ್ಗೊಳ್ಳುತ್ತದೆ. ಕೋಶಪಂಜರವೆಂದರೆ ಜೀವಕೋಶದೊಳಗೆ ಹರಡಿಕೊಂಡಿರುವ ಪ್ರೋಟೀನು ಎಳೆಗಳ ಜಾಲ. ಆಕ್ಟಿನ್ ತಂತುಗಳು, ಸೂಕ್ಷ್ಮನಾಳಿಕೆಗಳು ಹಾಗೂ ಮಧ್ಯಮ ತಂತುಗಳು ಇದರ ಮೂರು ಅಂಗಗಳು. ಇವುಗಳಲ್ಲಿ ಮೊದಲೆರಡು ಸದಾ ಕಳಚುತ್ತ, ಮರಳಿ ಕಟ್ಟಿಕೊಳ್ಳುತ್ತ ಇರುತ್ತವೆ.

ತಿರುಳಿನ ಕೋಶಗಳು ಅಡ್ರಿನಲಿನ್ನನ್ನು ಅತಿ ಸೂಕ್ಷ್ಮವಾದ ಚೀಲಗಳಲ್ಲಿ ಕೂಡಿಟ್ಟಿರುತ್ತವೆ. ಕೋಶಪೊರೆಯ ಕೆಳಗಿನ ದಟ್ಟವಾದ ಆಕ್ಟಿನ್ ಜಾಲವು ಬಹುಪಾಲು ಚೀಲಗಳನ್ನು ತಡೆದು ನಿಲ್ಲಿಸುತ್ತದೆ. ನರದ ಸಂದೇಶ ಬಂದೊಡನೆ ಕ್ಯಾಲ್ಸಿಯಂ ಅಯಾನುಗಳು ಕೋಶವನ್ನು ಪ್ರವೇಶಿಸುತ್ತವೆ. ಜಾಲವು ಅಲ್ಲಲ್ಲಿ ಸಡಿಲಗೊಳ್ಳುತ್ತದೆ. ಚೀಲಗಳು ಪೊರೆಯನ್ನು ಸೇರಿ ತಮ್ಮಲ್ಲಿರುವುದನ್ನು ಹೊರಚೆಲ್ಲುತ್ತವೆ.

ಹೊರಪದರದ ರೀತಿಯೇ ಬೇರೆ. ಅಲ್ಲಿ ಸ್ಟೀರಾಯ್ಡುಗಳ ದಾಸ್ತಾನು ಇರುವುದಿಲ್ಲ. ಬೇಕಾದಾಗಲೆಲ್ಲ ಕೊಲೆಸ್ಟರಾಲಿನಿಂದ ಹೊಸದಾಗಿ ತಯಾರಾಗಬೇಕು. ಪಿಟ್ಯುಟರಿ ಗ್ರಂಥಿಯಿಂದ ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಆದೇಶ ಬಂದಾಗ, ಕೊಬ್ಬಿನ ಹನಿಗಳಲ್ಲಿರುವ ಕೊಲೆಸ್ಟರಾಲು ಮೈಟೊಕಾಂಡ್ರಿಯಗಳನ್ನು ತಲುಪಬೇಕಾಗುತ್ತದೆ. ಈ ಸಾಗಣೆಗೆ ಕೋಶಪಂಜರವು ನೆರವಾಗುತ್ತದೆ. ಅಲ್ಲಿಂದ ಮುಂದೆ ಅದನ್ನು ಒಳಪೊರೆಗೆ ದಾಟಿಸುವುದು 'ಸ್ಟಾರ್' ಎಂಬ ಪ್ರೋಟೀನು.

ನಮ್ಮ ಬೇಲಿಗಳಲ್ಲಿ ಅರಳುವ ಗೌರಿಹೂವಿನ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಇದು ಸೂಕ್ಷ್ಮನಾಳಿಕೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಅಡ್ರಿನಲ್ ಕೋಶಗಳಿಗೆ ಇದನ್ನು ನೀಡಿದಾಗ ಕೆಲವು ಪ್ರಯೋಗಗಳಲ್ಲಿ ಸ್ಟೀರಾಯ್ಡ್ ತಯಾರಿಕೆ ಕುಗ್ಗಿತು, ಕೆಲವದರಲ್ಲಿ ಹೆಚ್ಚಿತು. ಆದುದರಿಂದ ಕೋಶಪಂಜರವನ್ನು ಕೇವಲ ಸಾಗಣೆಯ ಹಾದಿಯೆಂದು ಭಾವಿಸಲಾಗದು. ಅದು ಸ್ರವಿಕೆಗೆ ಅಂಕೆಯೂ ಆಗಬಲ್ಲದು.

ಹೊರಪದರದಲ್ಲಿ ದಾಸ್ತಾನು ಇಲ್ಲವೆಂಬುದನ್ನು ಎಲ್ಲರೂ ನೆನಪಿಡಬೇಕು. ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಎ.ಸಿ.ಟಿ.ಎಚ್. ಕಡಿಮೆಯಾಗಿ ಹೊರಪದರವು ಸೊರಗಿರುತ್ತದೆ. ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಆ ಕೋಶಗಳು ಸಾಕಷ್ಟು ಕಾರ್ಟಿಸಾಲನ್ನು ಕೂಡಲೇ ಒದಗಿಸಲಾರವು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು. ಗುಣವಾಯಿತೆಂದು ತೋರಿದರೂ, ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಮಾತ್ರೆಯನ್ನು ಕಡಿಮೆ ಮಾಡತಕ್ಕದ್ದು.