ಪಾಠ 14: ಶಹನಾಯಿ ಅಜ್ಜ

ಅಕ್ಕಂದಿರೇ, ಮದುವೆಯಲ್ಲಿ ಓಲಗ ಕೇಳಿದ್ದೀರಿ ಅಲ್ವೇ? ತಾಳಿ ಕಟ್ಟುವಾಗ ಗಟ್ಟಿಮೇಳ ಮೊಳಗುತ್ತದೆ. ಅಂಥದೇ ಒಂದು ಊದುವ ವಾದ್ಯ ಶಹನಾಯಿ. ಉತ್ತರ ಕರ್ನಾಟಕದ ಕಡೆ ಸನಾದಿ ಅಂತಾರೆ. ಅದನ್ನು ಊದಿ ಹೆಸರಾದವರು ಬಿಸ್ಮಿಲ್ಲಾ ಖಾನ್.

ಅವರು ಹುಟ್ಟಿದ್ದು 1916ರಲ್ಲಿ, ಬಿಹಾರದಲ್ಲಿ. ಬೆಳೆದದ್ದು ಕಾಶಿಯಲ್ಲಿ. ಸೋದರಮಾವನೇ ಗುರು. ಹುಡುಗ ದಿನಾ ಗಂಗೆಯ ದಡದ ಬಾಲಾಜಿ ಗುಡಿಗೆ ಹೋಗಿ ಊದಿ ಕಲಿಯುತ್ತಿದ್ದ. ದಾರಿಯಲ್ಲಿ ಇಬ್ಬರು ಅಕ್ಕತಂಗಿಯರ ಮನೆ. ಒಬ್ಬರು ರಸೂಲನ್ ಬಾಯಿ, ಇನ್ನೊಬ್ಬರು ಬತೂಲನ್ ಬಾಯಿ. ಅವರ ಹಾಡು ಕೇಳಲೆಂದೇ ಆ ದಾರಿ ಹಿಡಿಯುತ್ತಿದ್ದ. ತನಗೆ ಹಾಡಿನ ರುಚಿ ಹತ್ತಿಸಿದವರು ಆ ಹೆಣ್ಣುಮಕ್ಕಳು ಎಂದು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಆಗೆಲ್ಲ ಶಹನಾಯಿ ಹೆಚ್ಚಾಗಿ ಮದುವೆಗೆ, ಗುಡಿಗೆ. ಬಿಸ್ಮಿಲ್ಲಾ ಖಾನರು ಅದನ್ನು ದೊಡ್ಡ ಸಭೆಗೆ ತಂದರು. 1947ರಲ್ಲಿ ಸ್ವಾತಂತ್ರ್ಯ ಬಂದಾಗ ದೆಹಲಿಯ ಕೆಂಪುಕೋಟೆಯಲ್ಲಿ ಊದಿದರು. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾ ನೋಡಿದ್ದೀರಾ? ರಾಜಕುಮಾರ್ ಊದುವಂತೆ ಕಾಣುತ್ತದೆ. ಕೇಳುವ ನಾದ ಬಿಸ್ಮಿಲ್ಲಾ ಖಾನರದು. 2001ರಲ್ಲಿ ಅವರಿಗೆ ಭಾರತರತ್ನ ಬಂತು.

ಇಷ್ಟು ಹೆಸರು ಬಂದರೂ ಅವರು ಕಾಶಿಯ ಹಳೇ ಮನೆ ಬಿಡಲಿಲ್ಲ. ಅದು ತುಂಬಿದ ಮನೆ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ನೆಂಟರು. ಎಲ್ಲರ ಊಟ, ಬಟ್ಟೆ ಅಜ್ಜನ ದುಡಿಮೆಯಿಂದಲೇ. ಜೊತೆಯಲ್ಲಿ ಬಾರಿಸುವವರ ಸಂಸಾರದ ಚಿಂತೆಯೂ ಅವರದೇ. ಕೊನೆಗಾಲದಲ್ಲೂ ದುಡ್ಡಿನ ತಾಪತ್ರಯ ಇತ್ತು. 80 ದಾಟಿದ ಮೇಲೂ ಊದಿದರು. ಉಸಿರಿನಿಂದಲೇ ಮನೆ ನಡೆಸಿದರು ಅನ್ನಬಹುದು.

ಒಮ್ಮೆ ಶಿಷ್ಯೆಯೊಬ್ಬಳು ಕೇಳಿದಳಂತೆ: ಇಷ್ಟು ದೊಡ್ಡವರು, ಹರಿದ ಲುಂಗಿ ಯಾಕೆ ಉಡ್ತೀರಿ? ಅಜ್ಜ ನಕ್ಕರಂತೆ. ಬಟ್ಟೆ ಹರಿದರೆ ಹೊಲಿಯಬಹುದು, ಸ್ವರ ಹರಿಯಬಾರದು ಅಂದರಂತೆ.

ಅವರು ನಮಾಜು ಮಾಡುತ್ತಿದ್ದರು. ಕಾಶಿ ವಿಶ್ವನಾಥನ ಮುಂದೆಯೂ ಊದುತ್ತಿದ್ದರು. ಎರಡೂ ಅವರಿಗೆ ಪೂಜೆಯೇ.

2006ರ ಆಗಸ್ಟ್ 21ರಂದು ತೀರಿಕೊಂಡರು. ಕಾಶಿಯಲ್ಲೇ, ಬೇವಿನ ಮರದ ಕೆಳಗೆ ಮಣ್ಣು ಮಾಡಿದರು. ಜೊತೆಗೆ ಒಂದು ಶಹನಾಯಿಯನ್ನೂ ಇಟ್ಟರು.

ದೊಡ್ಡವರ ಬಾಳನ್ನು ಯಾರಾದರೂ ಬರೆದಿಡುತ್ತಾರೆ. ನಮ್ಮ ಮನೆಯ ಹಿರಿಯರ ಬಾಳು? ದುಡಿದು ನಮ್ಮನ್ನು ಸಾಕಿದವರು, ಹಂತಿಪದ ಹಾಡಿದವರು, ಭಜನೆಯಲ್ಲಿ ತಾಳ ಹಾಕಿದವರು ಇದ್ದರಲ್ಲ? ಅವರ ಬಗ್ಗೆ ಯಾರೂ ಬರೆದಿಲ್ಲ. ಈಗ ನಿಮ್ಮ ಕೈಗೆ ಅಕ್ಷರ ಬಂದಿದೆ. ನೀವೇ ಬರೆಯಿರಿ.

ಹೊಸ ಪದಗಳು: ಶಹನಾಯಿ, ಸ್ವಾತಂತ್ರ್ಯ, ಭಾರತರತ್ನ, ಶಿಷ್ಯೆ, ಸ್ವರ.

ಉತ್ತರ ಹೇಳಿ:
1. ಹುಡುಗನಿಗೆ ಹಾಡಿನ ರುಚಿ ಹತ್ತಿಸಿದವರು ಯಾರು?
2. ಲುಂಗಿಯ ಬಗ್ಗೆ ಅಜ್ಜ ಏನು ಹೇಳಿದರು? ಅದರ ಅರ್ಥವೇನು?

ಲೆಕ್ಕ ಮಾಡಿ: 2006ರಲ್ಲಿ 1916 ಕಳೆಯಿರಿ. ಅಜ್ಜ ಎಷ್ಟು ವರ್ಷ ಬಾಳಿದರು?

ಬರೆಯಿರಿ: ನಿಮ್ಮ ಮನೆಯ ಹಿರಿಯರೊಬ್ಬರ ಹೆಸರು, ಊರು, ಅವರು ಮಾಡುತ್ತಿದ್ದ ಕೆಲಸ, ಅವರಿಗೆ ಇಷ್ಟವಾದ ಹಾಡು. ಐದು ಸಾಲು ಸಾಕು.