ಕೆಂಪು ಬಾಳೆಹಣ್ಣಿನ ಸುಳಿವು

ಐದು ವರ್ಷದ ಮಗಳಿಗೆ ತಿಳಿಸದೆ ಪ್ರವಾಸ ಹೊರಡಿಸಬೇಕೆಂದು ನಾವು ಮೊದಲ ಸಲ ಹೊರಟಾಗ ಎಡವಿದ್ದೆವು. ಹದಿನೈದು ದಿನ ಮೊದಲೇ "ನಿನಗೊಂದು ಗುಟ್ಟು ಅದ" ಎಂದುಬಿಟ್ಟಿದ್ದೆ. ಆ ಹದಿನೈದು ದಿನ ಮಗು ನೆಟ್ಟಗೆ ಮಲಗಲಿಲ್ಲ. ಎರಡನೇ ಸಲ ಗೆದ್ದೆವು. ಗೆದ್ದ ದಾರಿ ಹೀಗಿದೆ.

1. ದೂರದ ಊರು ಬೇಡ. ಕಲಬುರಗಿಯ ಜಗತ್ ಬಡಾವಣೆಯಲ್ಲಿ ಮನೆಯಿದ್ದವರಿಗೆ ಬೀದರವೇ ಸಾಕು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ರೈಲು ಮಾರ್ಗ, ಸುಮಾರು 110 ಕಿ.ಮೀ. ದೊಡ್ಡವರಿಗೆ ಇದು ದಿನನಿತ್ಯದ ಓಡಾಟ. ಮಗುವಿಗೆ ರೈಲೇ ಪ್ರವಾಸ. ಐದು ತುಂಬದ ಮಕ್ಕಳಿಗೆ ಟಿಕೆಟ್ಟೂ ಇಲ್ಲ. ವೇಳಾಪಟ್ಟಿ ಮಾತ್ರ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

2. ಬೇಸಿಗೆ ರಜೆ ಬಿಡಿ, ದಸರಾ ರಜೆ ಹಿಡಿರಿ. ನಮ್ಮ ಭಾಗದ ಮೇ ತಿಂಗಳ ಬಿಸಿಲಿಗೆ ಯಾವ ಮಗುವೂ ನಗುವುದಿಲ್ಲ.

3. ಗುಟ್ಟಿಗೆ ಒಂದೇ ರಾತ್ರಿಯ ಆಯುಷ್ಯ ಇರಲಿ. ಆದರೆ ಸುಳ್ಳು ಹೇಳಬೇಡಿ. "ದವಾಖಾನಿಗೆ ಹೋಗೂಣು" ಎಂದು ಹೊರಡಿಸಿ ಸ್ಟೇಷನ್ನಿನಲ್ಲಿ ಇಳಿಸಿದರೆ, ಮುಂದಿನ ಸಲ ನಿಜವಾಗಿ ದವಾಖಾನೆಗೆ ಕರೆದಾಗ ಮಗು ನಿಮ್ಮನ್ನು ನಂಬುವುದಿಲ್ಲ. ಹೇಳದೆ ಇರುವುದು ಬೇರೆ, ಹುಸಿ ಹೇಳುವುದು ಬೇರೆ.

4. ಸುಳಿವನ್ನು ಕೈಗೇ ಕೊಡಿ. ರಾತ್ರಿ ಊಟದ ಮೇಲೆ ನಾವು ಕೊಟ್ಟದ್ದು ಕಮಲಾಪುರದ ಕೆಂಪು ಬಾಳೆಹಣ್ಣು, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ಹೆಮ್ಮೆ. ಹೊರಗೆ ಕೆಂಪು, ಸುಲಿದರೆ ಒಳಗೆ ಕೆನೆಬಣ್ಣ, ಘಮ್ಮೆನ್ನುವ ವಾಸನೆ. ಮಗು ಸಿಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿತು. "ಈ ಹಣ್ಣು ಬೆಳೆಯೋ ಊರಿನ ಮ್ಯಾಲೆ ನಾಳೆ ಹಾಯ್ದು ಹೋಗ್ತೀವಿ" ಅಂದೆ, ಅಷ್ಟೇ. ಮರುದಿನ ಕಿಟಕಿಯಲ್ಲಿ ಕಮಲಾಪುರದ ಫಲಕ ಕಂಡಾಗ ಅಪ್ಪ ಅಕ್ಷರ ಓದಿ ಹೇಳಿದ. "ನನ್ನ ಬಾಳಿಹಣ್ಣಿನ ಊರು!" ಎಂದು ಮಗು ಬೋಗಿಗೇ ಕೇಳುವಂತೆ ಕೂಗಿತು. ನಿಜವಾದ ಅಚ್ಚರಿ ಅಲ್ಲಿ ಹುಟ್ಟಿತು, ಬೀದರ ಇನ್ನೂ ದೂರವಿತ್ತು.

5. ಬುತ್ತಿ ಹಳೆಯದೇ ಇರಲಿ. ಜಾಗ ಹೊಸದಾದಾಗ ಬಾಯಿಗೆ ಗೊತ್ತಿರುವ ರುಚಿ ಧೈರ್ಯ ಕೊಡುತ್ತದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಜೊತೆಗೆ ಮಗು ತಬ್ಬಿ ಮಲಗುವ ಹಳೆಯ ದುಪ್ಪಟ್ಟಿ.

6. ಕತ್ತಲೆಯ ಬಗ್ಗೆ ಮೊದಲೇ ಹೇಳಿ. ದಾರಿಯಲ್ಲಿ ಮರಗುತ್ತಿ ಬಳಿ ಬರುವ ಸುರಂಗ ಒಂದೂವರೆ ಕಿಲೋಮೀಟರಿಗೂ ಉದ್ದ. ಈ ಒಂದನ್ನು ಮಾತ್ರ ಅಚ್ಚರಿಯಾಗಿ ಇಡಬೇಡಿ. "ಈಗ ಕತ್ತಲಾಗ್ತದ, ಕೈ ಹಿಡಿ, ಎಣಿಸೂಣು" ಅನ್ನಿ. ಎಣಿಸುತ್ತ ಕೂತ ಮಗುವಿಗೆ ಹೆದರಿಕೆ ಹತ್ತಿರ ಸುಳಿಯುವುದಿಲ್ಲ.

7. ಬೀದರದಲ್ಲಿ ಎರಡೇ ಜಾಗ. ನಾವು ಆರಿಸಿದ್ದು ಕೋಟೆ ಮತ್ತು ಬಿದರಿ ಕುಶಲಕರ್ಮಿಯ ಅಂಗಡಿ. ಬಹಮನಿ ಸುಲ್ತಾನರು ಸುಮಾರು ಆರುನೂರು ವರ್ಷಗಳ ಹಿಂದೆ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಮಗುವಿಗೆ ಇದನ್ನು "ರಾಜ ನಮ್ಮೂರಿಂದ ಇಲ್ಲಿಗೆ ಮನಿ ಬದಲಿಸಿದ" ಎಂದರೆ ಸಾಕು, ಅರ್ಥವಾಗುತ್ತದೆ. ಬಿದರಿಯ ಹೂಜಿಯಂತೂ ಅದಕ್ಕೆ ಮಾಟದಂತೆ ಕಂಡಿತು: ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಗವಾನನ ಮದರಸಾ, ನರಸಿಂಹ ಝರಣಿ ಮುಂದಿನ ಸಲಕ್ಕೆ. ಝರಣಿಯ ಗುಹೆಯಲ್ಲಿ ನೀರಿನಲ್ಲೇ ನಡೆಯಬೇಕು, ಪುಟ್ಟವರಿಗೆ ಅದು ಬೇಡ.

8. ಅತ್ತರೆ ಅಳಲಿ. "ಇಷ್ಟು ಖರ್ಚು ಮಾಡಿ ಕರಕೊಂಡು ಬಂದೀವಿ" ಎಂಬ ಮಾತು ಬಾಯಿಗೆ ಬರಬಾರದು. ಅಚ್ಚರಿಯನ್ನು ಕೇಳಿದ್ದು ಮಗುವಲ್ಲ.

9. ಮನೆಗೆ ಬಂದ ಮೇಲೆ ಅಜ್ಜಿಗೆ ಫೋನ್ ಹಚ್ಚಿ, ಮಗುವಿನ ಕೈಗೇ ಕೊಡಿ. ನಡುವೆ ತಿದ್ದಬೇಡಿ. ನಮ್ಮವಳ ಲೆಕ್ಕದಲ್ಲಿ ಸುರಂಗ ನೂರು ಮೈಲಿ ಉದ್ದವಿತ್ತು, ಬಿದರಿ ಮಾಡುವವನೇ ಬೀದರದ ರಾಜ. ಅಜ್ಜಿ ಎಲ್ಲದಕ್ಕೂ "ಹೌದವ್ವಾ" ಎಂದಳು.